ಮೊದಲ ಹಾಳೆ ಇಲ್ಲದ ಬೈಬಲ್

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಪ್ರತಿ ವರ್ಷ ತಪಸ್ಸುಕಾಲ ಬಂದಾಗ ಈ ಸಲ ಬರೆದೇಬಿಡುತ್ತೇನೆ ಎಂದುಕೊಳ್ಳುತ್ತೇನೆ. ಈಸ್ಟರ್ ಬಂದು ಹೋಗುತ್ತದೆ. ಒಂದು ವರ್ಷ ಕಣ್ಣಿನ ಪೊರೆ ಅಡ್ಡ ಬಂತು, ಒಂದು ವರ್ಷ ಮೊಮ್ಮಗಳ ಮದುವೆ. ನೆಪ ಹುಡುಕುವವನಿಗೆ ಬರವೇ? ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಹೇಳಿದ್ದೇನೆ, ನಿಜ. ಆದರೆ ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ. ನಾನು ಮಾಡಿದ್ದು ಮಾತ್ರ ಇವತ್ತಿಗೂ ಒಂದು ಮನೆಯಲ್ಲಿ ಹಾಗೇ ಇದೆ.

ನಾನು ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಕಾರಕೂನನಾಗಿದ್ದೆ. ಓದಿದ್ದು ಮ್ಯಾಟ್ರಿಕ್. ಊರಿನಲ್ಲಿ ನಮ್ಮ ಕಥೋಲಿಕರ ಮನೆಗಳು ಇಪ್ಪತ್ತರ ಹತ್ತಿರ ಇದ್ದವು. ಅರ್ಧ ಮನೆಗಳಲ್ಲಿ ಮರಾಠಿ, ಅರ್ಧ ಮನೆಗಳಲ್ಲಿ ಕನ್ನಡ. ಹೆಂಚಿನ ಮಾಡಿನ ಸಣ್ಣ ಪ್ರಾರ್ಥನಾ ಮಂದಿರವೊಂದಿತ್ತು. ತಿಂಗಳಲ್ಲಿ ಎರಡು ರವಿವಾರ ಗುರುಗಳು, ನಾವು ‘ಸ್ವಾಮಿಗಳು’ ಎನ್ನುವವರು, ಮೋಟಾರ್ ಸೈಕಲ್ ಮೇಲೆ ಬಂದು ಬಲಿಪೂಜೆ ಅರ್ಪಿಸುತ್ತಿದ್ದರು. ಉಳಿದ ರವಿವಾರಗಳಲ್ಲಿ ಜಪ ನಡೆಸುವವನು, ವಾಚನ ಓದುವವನು ನಾನು. ಒಂದು ದಿನವೂ ಯಾವ ಶಾಲೆಯಲ್ಲೂ ಕಲಿಸದ ನನ್ನನ್ನು ಎಲ್ಲರೂ ‘ಮಾಸ್ತರ’ ಎನ್ನುತ್ತಿದ್ದರು. ಆ ಒಂದು ಶಬ್ದದ ಮೇಲೆ ನಾನು ಎದೆಯುಬ್ಬಿಸಿ ಓಡಾಡುತ್ತಿದ್ದೆ.

ಆ ಶಬ್ದ ನನ್ನ ಕೈಯಿಂದ ಜಾರುತ್ತಿದೆ ಅನ್ನಿಸಿದ್ದು ಒಬ್ಬ ಬೀಡಿ ಕಟ್ಟುವ ಹೆಂಗಸಿನಿಂದ.

ಅವರು ವಿಧವೆ. ಅಥಣಿ ಕಡೆಯವರು, ಕೊಕಟನೂರ ಹತ್ತಿರದ ಹಳ್ಳಿಯಲ್ಲಿ ಬೆಳೆದವರು. ನಮ್ಮೂರಿಗೆ ಸೊಸೆಯಾಗಿ ಬಂದಿದ್ದರು. ಶಾಲೆ ಏಳನೇ ಇಯತ್ತೆಗೆ ಮುಗಿದಿತ್ತು. ಓಣಿಯೆಲ್ಲ ಅವರನ್ನು ‘ಅಕ್ಕಾ’ ಎಂದು ಕರೆಯುತ್ತಿತ್ತು. ನಾನು ಮಾತ್ರ ಬೆನ್ನ ಹಿಂದೆ ‘ಆಕಿ’ ಎನ್ನುತ್ತಿದ್ದೆ. ಈಗ ಬರೆಯುವಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ಅದು ನನಗೆ ತಡವಾಗಿ ಬಂದ ಬುದ್ಧಿ.

ಅಕ್ಕನ ಹತ್ತಿರ ಅವರ ತಂದೆ ಕೊಟ್ಟ ಹಳೆಯ ಕನ್ನಡ ಬೈಬಲ್ ಇತ್ತು. ತೊಡೆಯ ಮೇಲೆ ಎಲೆ-ತಂಬಾಕಿನ ಮೊರ, ಎದುರಿಗೆ ಮಣೆ, ಮಣೆಯ ಮೇಲೆ ತೆರೆದ ಬೈಬಲ್. ಕೈ ತನ್ನಷ್ಟಕ್ಕೆ ಬೀಡಿ ಸುತ್ತುತ್ತಿತ್ತು, ಕಣ್ಣು ಓದುತ್ತಿತ್ತು. ಗುರುತಿಗೆ ಬೀಡಿ ಎಲೆಯ ಚೂರು ಇಡುತ್ತಿದ್ದರು. ಆ ಪುಸ್ತಕ ತೆರೆದರೆ ಸೀನು ಬರುವಷ್ಟು ತಂಬಾಕಿನ ಧೂಳು. ಅಧ್ಯಾಯಕ್ಕೆ ಅಧ್ಯಾಯವೇ ಅವರಿಗೆ ಬಾಯಿಪಾಠವಾಗಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೇರೆ ಕ್ರೈಸ್ತ ಸಭೆಯ ಬೋಧಕರು ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆಯೆಲ್ಲ ಮನೆಮನೆಗೆ ಬರತೊಡಗಿದರು. ಕೆಟ್ಟವರಲ್ಲ. ಚಹಾ ಕೊಟ್ಟರೆ ಕುಡಿದು, ನೆಲದ ಮೇಲೇ ಕೂತು, ಮೆತ್ತಗೆ ಕೇಳುವವರು: ನೀವು ಮಾತೆ ಮರಿಯಮ್ಮನಿಗೆ ಯಾಕೆ ನಮಸ್ಕಾರ ಮಾಡುತ್ತೀರಿ? ಸತ್ತವರಿಗಾಗಿ ಯಾಕೆ ಪ್ರಾರ್ಥಿಸುತ್ತೀರಿ? ಎಲ್ಲಿ ಬರೆದಿದೆ, ತೋರಿಸಿ. ನಮ್ಮವರಿಗೆ ಉತ್ತರ ಗೊತ್ತಿರಲಿಲ್ಲ. ಅಜ್ಜ ಮಾಡಿದ್ದ, ನಾವೂ ಮಾಡುತ್ತೇವೆ, ಅಷ್ಟೇ. ಆದ್ದರಿಂದ ಸ್ವಾಮಿಗಳು ಪ್ರತಿ ಗುರುವಾರ ಸಂಜೆ ಬೈಬಲ್ ಅಧ್ಯಯನ ಶುರು ಮಾಡಿದರು. ಮೊದಲ ದಿನವೇ ಬಂದ ಪ್ರಶ್ನೆ: ಯಾವ ಬೈಬಲ್ ಇಟ್ಟುಕೊಂಡು ಓದುವುದು?

ಅಕ್ಕನ ಹಳೆಯ ಕನ್ನಡ ಬೈಬಲ್ ಬಾಯಿ ತುಂಬುವ ಕನ್ನಡದ್ದು. ಅದೇ ಬಹಳ ಮನೆಗಳಲ್ಲೂ ಇತ್ತು. ಆದರೆ ನಮ್ಮ ಧರ್ಮಸಭೆ ಓದುವ, ಹಳೆಯ ಒಡಂಬಡಿಕೆಯ ಏಳು ಗ್ರಂಥಗಳು ಅದರಲ್ಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಇರುವುದು ಆ ಏಳರಲ್ಲಿ ಒಂದರಲ್ಲಿ. ಮರಾಠಿ ಮನೆಗಳಲ್ಲಿದ್ದ ಪ್ರತಿಗಳಲ್ಲೂ ಆ ಏಳು ಇರಲಿಲ್ಲ. ಇಂಗ್ಲಿಷಿನದು ಸ್ವಾಮಿಗಳ ಹತ್ತಿರ ಮಾತ್ರ. ನನ್ನ ಹತ್ತಿರ ಇದ್ದದ್ದು ಹೊಸ ಕನ್ನಡ ಅನುವಾದ. ಅದರ ಹೊಸ ಒಡಂಬಡಿಕೆ ಮಾತ್ರ ಬಂದಿತ್ತು, ಪೂರ್ತಿ ಬೈಬಲ್ ಇನ್ನೂ ಅಚ್ಚಾಗಬೇಕಿತ್ತು. ಊರಿಗೆ ಅದನ್ನು ಮೊದಲು ತಂದವನು ನಾನು. ಅದಕ್ಕೆ ಖಾಕಿ ರಟ್ಟು ಹಾಕಿ ಎದೆಗವಚಿಕೊಂಡು ಓಡಾಡುತ್ತಿದ್ದೆ.

ಆ ಸಂಜೆ ಎದ್ದು ನಿಂತು ಹೇಳಿದೆ. “ಸ್ವಾಮ್ಯಾರ, ಅಕ್ಕನ ಪುಸ್ತಕದಾಗ ಯೇಸುಸ್ವಾಮಿ ‘ಬಂದನು, ಹೋದನು, ಅಂದನು’ ಅಂತ ಐತ್ರಿ. ನನ್ನ ಪುಸ್ತಕದಾಗ ‘ಬಂದರು, ಹೋದರು, ಅಂದರು’. ನಮ್ಮ ಗೋಡೌನಿನ ಹಮಾಲಗ ‘ಬಂದಿ ಏನಲೇ’ ಅಂದ್ರ ಚೀಲಾ ಒಗದ ಹೋಗ್ತಾನ. ದೇವರಿಗೆ ಹಂಗ ಅನ್ನೂದ?”

ನಾಲ್ಕು ಜನ ತಲೆಯಾಡಿಸಿದರು. ಅಕ್ಕ ಕೂತಲ್ಲಿಂದಲೇ ಕೇಳಿದರು. “ಮಾಸ್ತರ, ನಿಮ್ಮವ್ವಗ ಊಟಾ ಮಾಡಿದ್ರ್ಯಾ ಅಂತ ಕೇಳ್ತೀರೋ, ಊಟಾ ಮಾಡಿದಿ ಅಂತ ಕೇಳ್ತೀರೋ?”

“...ಮಾಡಿದಿ ಅಂತ.”

“ಹಂಗಾರ ನಿಮ್ಮ ಮನ್ಯಾಗ ಅವ್ವಗಿಂತ ಹಮಾಲಗ ಮರ್ಯಾದಿ ಜಾಸ್ತಿ ಐತಿ ಅನ್ರಿ!”

ಮಂದಿರ ನಗುವಿನಿಂದ ತುಂಬಿತು. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮರಾಠಿ ಮನೆಯ ಮುದುಕರೊಬ್ಬರು, “ನಮ್ಮ ಮರಾಠೀದಾಗ ದೇವರಿಗೆ ‘ತೂ’ ಅಂತೇವಪಾ. ನಾವೆಲ್ಲಾ ನರಕಕ್ಕ ಹೊಂಟೇವಿ ಅನ್ನು ಮತ್ತ!” ಎಂದು ಇನ್ನಷ್ಟು ನಗಿಸಿದರು. ಸ್ವಾಮಿಗಳೂ ನಕ್ಕರು. ಅವರು ನಗದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

ಕೊನೆಗೆ ಸ್ವಾಮಿಗಳು ತೀರ್ಮಾನ ಹೇಳಿದ್ದು ನಾನು ಬಯಸಿದ್ದನ್ನೇ. ಪೂರ್ತಿ ಹೊಸ ಅನುವಾದ ಬರುವವರೆಗೆ ಕಾಯೋಣ, ಏಳು ಗ್ರಂಥಗಳೂ ಇರುತ್ತವೆ, ಭಾಷೆ ಕೇಳಿದ ಕೂಡಲೇ ತಿಳಿಯುತ್ತದೆ. ಅಲ್ಲಿಯವರೆಗೆ ಇಂಗ್ಲಿಷಿನಿಂದ ನಾನೇ ಹೇಳುತ್ತೇನೆ ಎಂದರು. ನನ್ನ ಪಕ್ಷ ಗೆದ್ದಿತ್ತು. ಆದರೆ ಮನೆಗೆ ಹೋಗುವಾಗ ಜನರ ಬಾಯಲ್ಲಿ ಇದ್ದದ್ದು ಅಕ್ಕನ ಮಾತು.

ಆಮೇಲೆ ವರ್ಷಗಟ್ಟಲೆ ನಾನು ಬರೀ ಹೊಟ್ಟೆಕಿಚ್ಚಿನಲ್ಲೇ ಬದುಕಿದೆ. ಬೋಧಕರು ಏನಾದರೂ ಕೇಳಿದರೆ ಜನ ಅಕ್ಕನ ಕಟ್ಟೆಗೆ ಹೋಗುತ್ತಿದ್ದರು. ಅವರು ಬೀಡಿ ಸುತ್ತುತ್ತಲೇ ಉತ್ತರ ಹೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ಬೋಧಕರ ಮೇಲೆ ಸಿಟ್ಟೂ ಇರಲಿಲ್ಲ. ಒಂದು ರವಿವಾರ ನಾನು ಹೊಸ ಅನುವಾದದಿಂದ ಶುಭಸಂದೇಶ ಓದುತ್ತಿದ್ದಾಗ ಮುಂದಿನ ಸಾಲಿನ ಹೆಂಗಸರ ತುಟಿಗಳು ಅಲುಗಾಡುತ್ತಿದ್ದವು. ಕಿವಿಗೊಟ್ಟೆ. ನನ್ನ ಬಾಯಲ್ಲಿ ‘ಅಂದರು’, ಅವರ ಬಾಯಲ್ಲಿ ‘ಅಂದನು’. ಅಕ್ಕ ಕಲಿಸಿದ ಪಾಠ. ಅವತ್ತು ಮನೆಯಲ್ಲಿ ಊಟದ ತಾಟು ದೂಡಿದೆ. ನನ್ನ ಹೆಂಡತಿ ತಾಟು ಎತ್ತಿಕೊಳ್ಳುತ್ತ, “ಹೊಟ್ಯಾಗ ಮೊದಲ ಕಿಚ್ಚ ತುಂಬೇತಿ, ರೊಟ್ಟಿಗೆ ಜಾಗಾ ಎಲ್ಲಿ ಐತ್ರಿ?” ಎಂದಳು. ಅವಳೂ ಜಪಸರದ ಅರ್ಥ ಕೇಳಲು ಹೋಗುತ್ತಿದ್ದದ್ದು ಅಕ್ಕನ ಕಟ್ಟೆಗೇ.

ತೊಂಬತ್ತರ ದಶಕದಲ್ಲಿ ಅಕ್ಕನಿಗೆ ಒಂದು ಕಷ್ಟ ಬಂತು. ಅವರ ಒಬ್ಬಳೇ ತಂಗಿಯನ್ನು ರಾಯಬಾಗಕ್ಕೆ ಕೊಟ್ಟಿತ್ತು. ತಂಗಿಯ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಸತ್ತ. ಉಸಿರು ಹೋಗುವ ಮುಂಚೆ ಗುರುಗಳು ಬಂದು ಅಂತಿಮ ಸಂಸ್ಕಾರ ಕೊಡಲು ಸಮಯವೇ ಸಿಗಲಿಲ್ಲ. ಆ ತಂಗಿಗೆ ಅದೇ ಕೊರಗು. ಅಕ್ಕ ಅವಳಿಗೆ, ನಾವಿಬ್ಬರೂ ಅವನಿಗಾಗಿ ಜಪ ಮಾಡೋಣ, ಅದು ಅವನಿಗೆ ಮುಟ್ಟುತ್ತದೆ ಎಂದು ಧೈರ್ಯ ಹೇಳಿದ್ದರು. ವಾರಕ್ಕೊಮ್ಮೆ ಬಸ್ ಹಿಡಿದು ಹೋಗಿ ಜೊತೆಗೆ ಕೂತು ಜಪಸರ ಹೇಳಿ ಬರುತ್ತಿದ್ದರು. ಅಷ್ಟರಲ್ಲಿ ಆ ಓಣಿಗೆ ಬೋಧಕರೊಬ್ಬರು ಬಂದು, ಸತ್ತವರಿಗೆ ನಮ್ಮ ಪ್ರಾರ್ಥನೆ ಮುಟ್ಟುತ್ತದೆಂದು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ ಎಂದುಬಿಟ್ಟರು. ತಂಗಿ ಅಕ್ಕನಿಗೆ ಹೇಳಿ ಕಳಿಸಿದಳು: ಗಂಡನ ವರ್ಷದ ದಿನ ಆ ಬೋಧಕರೂ ಬರುತ್ತಾರೆ. ನೀನು ಕನ್ನಡ ಪುಸ್ತಕದಲ್ಲಿ ತೋರಿಸು. ತೋರಿಸಿದರೆ ಸಾಯುವವರೆಗೂ ನಿನ್ನ ಜೊತೆ ಜಪ ಮಾಡುತ್ತೇನೆ. ತೋರಿಸದಿದ್ದರೆ ಇಷ್ಟು ದಿನ ನನ್ನನ್ನು ಬರೀ ಸಮಾಧಾನ ಮಾಡಿದೆ ಎಂದುಕೊಳ್ಳುತ್ತೇನೆ.

ಅಕ್ಕ ಇದನ್ನು ಸ್ವಾಮಿಗಳಿಗೆ ಹೇಳಿದರು. ಪೂರ್ತಿ ಹೊಸ ಬೈಬಲ್ ಅಚ್ಚಾಗಿ ಬರುವುದರಲ್ಲಿತ್ತು. “ಬಂದ ಮೊದಲ ಪ್ರತಿ ನಿಮಗೇ” ಎಂದರು ಅವರು. ನಾನು ಪಕ್ಕದಲ್ಲೇ ನಿಂತಿದ್ದೆ.

ಗೋಡೌನಿನ ಕೆಲಸಕ್ಕೆ ನಾನು ವಾರಕ್ಕೊಮ್ಮೆ ಬೆಳಗಾವಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ದಿನ ಸ್ವಾಮಿಗಳು ಸಿಕ್ಕು, ಕಾಗದದಲ್ಲಿ ಸುತ್ತಿದ ಪುಸ್ತಕವೊಂದನ್ನು ಕೈಗಿಟ್ಟರು. “ಒಂದೇ ಪ್ರತಿ ಸಿಕ್ತು ಮಾಸ್ತರ. ಉಳಿದವು ಆಮೇಲೆ ಬರ್ತಾವ. ನಾ ಎರಡು ತಿಂಗಳು ತರಬೇತಿಗೆ ದೂರ ಹೋಗ್ತೇನಿ. ಇವತ್ತೇ ಇದನ್ನ ಅಕ್ಕನ ಕೈಗೆ ಮುಟ್ಟಿಸ್ರಿ. ರಾಯಬಾಗದಾಗ ವರ್ಷದ ಪ್ರಾರ್ಥನಿ ನೀವೇ ನಡಸ್ರಿ.”

ಬಸ್ಸಿನಲ್ಲಿ ಕಾಗದ ಬಿಚ್ಚಿದೆ. ಹೊಸ ಮಸಿಯ ವಾಸನೆ. ಸಂಕೇಶ್ವರ ಬರುವಷ್ಟರಲ್ಲಿ ಆ ಏಳು ಗ್ರಂಥಗಳನ್ನು ಹುಡುಕಿ, ಬೇಕಾದ ಜಾಗ ಕಂಡುಹಿಡಿದೆ. ಯುದ್ಧದಲ್ಲಿ ಸತ್ತ ತನ್ನವರ ಪಾಪ ಪರಿಹಾರವಾಗಲೆಂದು ನಾಯಕನೊಬ್ಬ ಬಲಿ ಅರ್ಪಿಸಲು ಏರ್ಪಾಡು ಮಾಡುವ ಮಾತು, ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದೆಂಬ ಮಾತು. ಅಚ್ಚ ಕನ್ನಡದಲ್ಲಿ, ನಮ್ಮ ಅಕ್ಷರಗಳಲ್ಲಿ. ದೇವರಾಣೆ, ಆ ಕ್ಷಣ ನನಗಾದದ್ದು ಬರೀ ಸಂತೋಷ.

ಆಮೇಲೆ ಮೊದಲ ಹಾಳೆ ತೆರೆದೆ. ಸ್ವಾಮಿಗಳ ಕೈಬರಹ. ಅಕ್ಕನ ಹೆಸರು, ಅವತ್ತಿನ ತಾರೀಖು, ಕೆಳಗೆ ‘ಓದಿ ತಿಳಿಸುವವರಿಗೆ’ ಎಂದು ಎರಡು ಶಬ್ದ.

ಇಷ್ಟು ವರ್ಷ ಓದಿದವನು ನಾನು. ಆದರೆ ತಿಳಿಸುವವರು ಅವರಂತೆ. ‘ಅಂದರು’ ಬೇಕೆಂದು ನಿಂತು ವಾದಿಸಿದವನು ನಾನು. ಪುಸ್ತಕ ‘ಅಂದನು’ ಎನ್ನುವವರಿಗೆ. ನಿಪ್ಪಾಣಿ ಬರುವವರೆಗೆ ಆ ಎರಡು ಶಬ್ದಗಳನ್ನು ಮತ್ತೆ ಮತ್ತೆ ಓದಿದೆ. ಬಸ್ಸಿನಿಂದ ಇಳಿದವನು ಅಕ್ಕನ ಓಣಿಗೆ ಹೋಗಲಿಲ್ಲ. ಗೋಡೌನಿಗೆ ಹೋಗಿ ಕಪಾಟಿನಲ್ಲಿ ಹಳೆಯ ರಜಿಸ್ಟರುಗಳ ಹಿಂದೆ ಪುಸ್ತಕ ಇಟ್ಟು ಕೀಲಿ ಹಾಕಿದೆ.

ಅಕ್ಕ ಎದುರಾದಾಗಲೆಲ್ಲ ಕೇಳುತ್ತಿದ್ದರು. “ಮಾಸ್ತರ, ಬೆಳಗಾವ್ಯಾಗ ಕೇಳಿದ್ರೇನ್ರಿ? ಪುಸ್ತಕ ಬಂತಂತೇನ್ರಿ?”

“ಇನ್ನೂ ಛಾಪಖಾನ್ಯಾಗ ಐತಂತ.”

“ವರ್ಷದ ದಿನ ಹತ್ತರ ಬಂತಲ್ರಿ.”

“ಅದಕ್ಕ ನಾ ಏನ್ ಮಾಡ್ಲಿ? ನಾ ಛಾಪಖಾನಿ ಇಟ್ಟೇನೇನು?”

ಹೀಗೆ ಅಂದೆ ನಾನು. ಇನ್ನೊಂದು ದಿನ ಅವರು ಕಾಗದ-ಪೆನ್ಸಿಲ್ ಹಿಡಿದು ಬಂದು, “ಸ್ವಾಮ್ಯಾರ ಇಂಗ್ಲಿಷಿನಿಂದ ಹೇಳಿದ್ದು ನಿಮಗ ನೆನಪೈತೇನ್ರಿ? ಬರಕೊಂಡರ ಹೋಗ್ತೇನಿ” ಎಂದರು. ನೆನಪಿಲ್ಲ ಎಂದೆ. ಬಸ್ಸಿನಲ್ಲಿ ಓದಿದ ಆ ಸಾಲುಗಳು ಆಗ ನನ್ನ ನಾಲಿಗೆಯ ತುದಿಯಲ್ಲಿದ್ದವು.

ವರ್ಷದ ದಿನ ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ರಾಯಬಾಗಕ್ಕೆ ಹೋದೆವು. ಅಕ್ಕನ ಕೈಯಲ್ಲಿ ಅದೇ ಹಳೆಯ ಬೈಬಲ್. ತಂಗಿಯ ಮನೆಯಲ್ಲಿ ಗಂಡನ ಫೋಟೋ, ಮೇಣಬತ್ತಿ, ನೆರೆಹೊರೆಯ ಹತ್ತು ಹನ್ನೆರಡು ಜನ. ಬೋಧಕರು ಬಾಗಿಲ ಹತ್ತಿರ ಕೂತಿದ್ದರು. ನಾನು ಪ್ರಾರ್ಥನೆ ನಡೆಸಿದೆ. ಮುಗಿದ ಮೇಲೆ ತಂಗಿಯೇ ಕೇಳಿದಳು. “ಈಗ ತೋರಸ ಅಕ್ಕಾ.”

ಅಕ್ಕ ನಿಧಾನಕ್ಕೆ ಹೇಳಿದರು. “ಈ ಪುಸ್ತಕದಾಗ ಇಲ್ಲವ್ವಾ. ನಮ್ಮ ಸಭೆದು ಇನ್ನ ಏಳ ಗ್ರಂಥ ಅದಾವ. ಅದರಾಗ ಐತಿ. ಸ್ವಾಮ್ಯಾರ ಓದಿ ಹೇಳ್ಯಾರ, ನಾ ಕೇಳೇನಿ.”

ಬೋಧಕರು ಒರಟಾಗಿ ಮಾತಾಡಲಿಲ್ಲ. “ಇರಬಹುದ್ರಿ ಅಕ್ಕಾರ. ಆದರ ಕೇಳಿದ್ದು ಬ್ಯಾರೆ, ಬರದಿದ್ದು ಬ್ಯಾರೆ. ಕನ್ನಡದಾಗ ಆ ಗ್ರಂಥ ಎಲ್ಲಿ ಅದಾವ್ರಿ?”

ಅಕ್ಕ ನನ್ನ ಕಡೆ ತಿರುಗಿದರು. “ಮಾಸ್ತರ, ನೀವರ ಹೇಳ್ರಿ. ಬರಾಕತ್ತಾವಲ್ರಿ ಪುಸ್ತಕ?”

ಹತ್ತು ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. ಒಂದು ಮಾತು ಸಾಕಿತ್ತು: ಬಂದಿದೆ, ಗೋಡೌನಿನಲ್ಲಿದೆ, ನಾಳೆ ತಂದು ತೋರಿಸುತ್ತೇನೆ. ನಾನು ಹೇಳಿದ್ದು, “ನನಗ ಗೊತ್ತಿಲ್ರಿ. ನಾ ಕಣ್ಲೆ ಕಂಡಿಲ್ಲ.”

ಆಗ ಅಕ್ಕ ತಮ್ಮ ಬೈಬಲ್ಲಿನ ಹಾಳೆ ತಿರುವತೊಡಗಿದರು. ಇಲ್ಲವೆಂದು ಗೊತ್ತಿದ್ದೂ ತಿರುವಿದರು. ಬೀಡಿ ಎಲೆಯ ಚೂರುಗಳು ಒಂದೊಂದಾಗಿ ತೊಡೆಯ ಮೇಲೆ ಬಿದ್ದವು. ನನ್ನೊಳಗೆ ಏನಾಯಿತು ಎಂಬುದನ್ನೂ ಬರೆಯಲೇಬೇಕು. ನನಗೆ ಹಿತವಾಯಿತು. ಮಂದಿರದಲ್ಲಿ ನನ್ನ ಮೇಲೆ ಬಿದ್ದ ಆ ನಗು ಇವತ್ತು ವಾಪಸಾಯಿತು ಅನ್ನಿಸಿತು. ಆದರೆ ಇಲ್ಲಿ ಯಾರೂ ನಗಲಿಲ್ಲ. ತಂಗಿ ಎದ್ದು ಮೇಣಬತ್ತಿ ಊದಿದಳು. “ನನಗ ಸುಳ್ಳ ಹೇಳಿದಿ ಅಕ್ಕಾ. ವರ್ಷಪೂರ್ತಿ ಸುಳ್ಳ ಹೇಳಿದಿ.”

ಸ್ವಾಮಿಗಳು ಮರಳುವ ವಾರ ನನಗೆ ಹೆದರಿಕೆ ಹತ್ತಿತು. ಪುಸ್ತಕ ಕೊಡಲೇಬೇಕು. ಆದರೆ ಮೊದಲ ಹಾಳೆಯ ಮೇಲೆ ತಾರೀಖಿದೆ. ಕಪಾಟಿನ ಮುಂದೆ ನಿಂತು, ಅಳತೆಪಟ್ಟಿ ಒತ್ತಿ ಹಿಡಿದು, ಆ ಹಾಳೆಯನ್ನು ಬುಡದಿಂದ ಹರಿದೆ. ದೇವರ ಪುಸ್ತಕದ ಹಾಳೆಯಲ್ಲವೇ, ಎಸೆಯುವ ಧೈರ್ಯ ಮಾತ್ರ ಬರಲಿಲ್ಲ. ಮಡಚಿ ಪಾಕೀಟಿನಲ್ಲಿಟ್ಟುಕೊಂಡೆ.

“ಇವತ್ತ ಬಂತ್ರಿ” ಎಂದು ಅಕ್ಕನ ಕೈಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ರಟ್ಟು ತೆರೆದರು. ಒಳಗಿನ ಅಂಚಿನ ಮೇಲೆ ಹೆಬ್ಬೆರಳು ಒಮ್ಮೆ ಮೇಲಿಂದ ಕೆಳಗೆ ಹೋಯಿತು. ನನ್ನ ಮುಖ ನೋಡಿದರು. “ಭಾಳ ಉಪಕಾರ ಆತ್ರಿ ಮಾಸ್ತರ” ಎಂದರು. ಅಷ್ಟೇ.

ಮರುದಿನವೇ ಅದನ್ನು ಎತ್ತಿಕೊಂಡು ರಾಯಬಾಗಕ್ಕೆ ಹೋದರಂತೆ. ತಂಗಿ ಪುಸ್ತಕ ಮುಟ್ಟಲಿಲ್ಲ. “ಇದು ಮೊದಲ ಇದ್ದಿದ್ರ ಅವತ್ತ ಯಾಕ ತರಲಿಲ್ಲ? ಹತ್ತ ಮಂದ್ಯಾಗ ನನ್ನ ಮಾರಿ ಕೆಳಗ ಹಾಕಿಸಿ ಈಗ ಬಂದಿ?” ಎಂದಳಂತೆ. ಸಭೆ ಬಿಟ್ಟಳು. ಅದು ಅವಳ ಇಷ್ಟ, ಅದರ ಬಗ್ಗೆ ಮಾತಾಡಲು ನಾನು ಯಾರೂ ಅಲ್ಲ. ಆದರೆ ಅಕ್ಕನನ್ನೂ ಬಿಟ್ಟಳು. ಸ್ವಾಮಿಗಳು ಬಂದವರೇ ವರ್ಷದ ದಿನ ಹೇಗಾಯಿತು ಎಂದು ಕೇಳಿದಾಗ ಅಕ್ಕ, “ಪುಸ್ತಕ ಮುಟ್ಟೇತ್ರಿ” ಎಂದಷ್ಟೇ ಹೇಳಿದರು. ಗುರುವಾರದ ಅಧ್ಯಯನಕ್ಕೆ ಬರುವುದು ನಿಲ್ಲಿಸಿದರು. ಕೇಳಿದರೆ, “ಎಲಿ ಭಾಳ ಬಂದಾವ್ರಿ, ಕೆಲಸ ಹರಿಯವಲ್ದು” ಎನ್ನುವರು. ಹೊಸ ಬೈಬಲ್ ಹಿಡಿದು ಕಲಿಸುವವನು ನಾನೊಬ್ಬನೇ ಆದೆ. ಸತ್ತವರಿಗಾಗಿ ಪ್ರಾರ್ಥಿಸುವ ಆ ಅಧ್ಯಾಯ ಬಂದ ಗುರುವಾರ ಮಾತ್ರ, ಗಂಟಲು ಕೆಟ್ಟಿದೆ ಎಂದು ಬೇರೆಯವರಿಂದ ಓದಿಸಿದೆ.

ಕೆಲವು ವರ್ಷಗಳಾದ ಮೇಲೆ ಅಕ್ಕ ಹಾಸಿಗೆ ಹಿಡಿದರು. ತಂಬಾಕಿನ ಧೂಳು ಎದೆಗೆ ಇಳಿದಿತ್ತು. ನನ್ನ ಪಾಪನಿವೇದನೆ ಕೇಳಿದ ಗುರುಗಳು, ಹೋಗಿ ಅಕ್ಕನ ಮುಂದೆ ಹೇಳಿಕೊಳ್ಳಿ ಎಂದಿದ್ದರು. ಒಂದು ಮುಂಜಾನೆ ಹೋದೆ. ಮಂಚದ ಪಕ್ಕದಲ್ಲಿ ಕೂತು ಪಾಕೀಟಿನಿಂದ ಆ ಹಾಳೆ ತೆಗೆದು ಅವರ ಕೈಯಲ್ಲಿಟ್ಟೆ.

ಅಕ್ಕ ಹಾಳೆ ಬಿಡಿಸಿ ಓದಿದರು. ಆಶ್ಚರ್ಯಪಡಲಿಲ್ಲ. “ಇದು ಬೀಡಿ ಕಟ್ಟೋ ಕೈ. ಎಲಿ ಎಲ್ಲಿ ಹರದೈತಿ ಅಂತ ಬೆರಳಿಗೆ ಗೊತ್ತಾಗತೈತಿ. ನೀ ಪುಸ್ತಕ ಕೊಟ್ಟ ದಿನಾನ ತಿಳೀತ ತಮ್ಮಾ.”

ಇಷ್ಟು ವರ್ಷ ‘ಮಾಸ್ತರ’, ‘ರೀ’ ಎಂದ ಬಾಯಿ ಅವತ್ತು ಮೊದಲ ಸಲ ‘ನೀ’ ಎಂದಿತು. ದೇವರಿಗೂ ತಾಯಿಗೂ ಅನ್ನುವ ‘ನೀ’. ನಾನು ಅತ್ತೆ.

“ಯಾಕ ಯಾರಿಗೂ ಹೇಳಲಿಲ್ಲಕ್ಕಾ? ತಂಗಿಗರ ಹೇಳಬೇಕಿತ್ತು.”

“ಅಕಿ ನನ್ನ ಮಾತ ನಂಬತಿದ್ಲೇನ? ಸುಳ್ಳ ಮುಚ್ಚಾಕ ಇನ್ನೊಬ್ಬರ ಮ್ಯಾಲೆ ಹಾಕಾಕತ್ತೀ ಅಂತಿದ್ಲು.” ಕೆಮ್ಮುತ್ತಲೇ ಹಾಳೆಯನ್ನು ಮತ್ತೆ ಮಡಚಿ ನನ್ನ ಅಂಗಿಯ ಕಿಸೆಗೆ ತುರುಕಿದರು. “ನನ್ನ ಕ್ಷಮಾ ಕೇಳಬ್ಯಾಡ. ನನ್ನ ಲೆಕ್ಕ ಅವತ್ತ ಮುಗದೈತಿ. ರಾಯಬಾಗಕ್ಕ ಹೋಗು. ಅಕಿಗೆ ಹೇಳು, ನಾ ಸುಳ್ಳ ಹೇಳಿಲ್ಲಂತ.”

ಅವರು ಬದುಕಿರುವಾಗಲೇ ಹೋದೆ. ಆ ಮನೆಯ ಎದುರಿನ ಅಂಗಡಿಯಲ್ಲಿ ಎರಡು ಕಪ್ ಚಹಾ ಕುಡಿದೆ. ತಂಗಿ ಹೊರಗೆ ಬಂದು ಬಾಗಿಲಿಗೆ ನೀರು ಹಾಕಿದರು, ನನ್ನ ಕಡೆ ನೋಡಿದರು, ಗುರುತು ಹಿಡಿದರೋ ಇಲ್ಲವೋ, ಒಳಗೆ ಹೋದರು. ನಾನು ಬಸ್ ಹತ್ತಿ ವಾಪಸು ಬಂದೆ. ಅಕ್ಕ ಕೇಳಿದರೆ ಏನು ಹೇಳಲಿ ಎಂದು ಹದಿನೈದು ದಿನ ಅವರ ಓಣಿಗೇ ಹೋಗಲಿಲ್ಲ. ಅಷ್ಟರಲ್ಲಿ ಅಕ್ಕ ತೀರಿಕೊಂಡರು. ಮಣ್ಣಿಗೆ ತಂಗಿ ಬರಲಿಲ್ಲ.

ಪ್ರತಿ ನವೆಂಬರಿನಲ್ಲಿ, ಮೃತರ ದಿನದಂದು, ಅಕ್ಕನ ಸಮಾಧಿಗೆ ಮೇಣಬತ್ತಿ ಹಚ್ಚುತ್ತೇನೆ. ಆ ಪುಸ್ತಕದ ಆ ಸಾಲುಗಳನ್ನು ಗಟ್ಟಿಯಾಗಿ ಓದುತ್ತೇನೆ. ಪ್ರಾರ್ಥನೆ ಅವರಿಗೆ ಮುಟ್ಟುತ್ತದೆ ಎಂದು ನಂಬಿದವನು ನಾನು. ಆದರೆ ಅವರು ಹೇಳಿದ ಕೆಲಸ ಇನ್ನೂ ಮಾಡಿಲ್ಲ. ಹಾಳೆ ನನ್ನ ಹತ್ತಿರವೇ ಇದೆ, ಮಡಿಕೆಯಲ್ಲಿ ಸವೆದು ಎರಡಾಗಿದೆ, ತಾರೀಖು ಇನ್ನೂ ಓದಲು ಬರುತ್ತದೆ. ಆ ಮನೆಯಲ್ಲಿ ಅಕ್ಕ ಇವತ್ತಿಗೂ ಸುಳ್ಳು ಹೇಳಿದವರು. ಅಲ್ಲಿ ಸುಳ್ಳು ಹೇಳಿದವನು ನಾನು. ಇದನ್ನು ಕೇಳಬೇಕಾದವರು, ನಾನು ಇವತ್ತಿನವರೆಗೂ ಕ್ಷಮೆ ಕೇಳದೆ ಉಳಿದವರು, ರಾಯಬಾಗದಲ್ಲಿ ಅದೇ ಮನೆಯಲ್ಲಿ ಇನ್ನೂ ಇದ್ದಾರೆ: ಅಕ್ಕನ ತಂಗಿ.